ಫಕೀರವ್ವ ದೇವರೊಡನೆ ಮಾತಿಗೆ ಕುಳಿತದ್ದು

ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವಾಗ ಕಪ್ಪು ಮಣ್ಣಿನ ಎರಿಭೂಮಿಯ ನಡುವೆ ಒಂದು ಸಣ್ಣ ಹಳ್ಳಿ ಸಿಗುತ್ತದೆ. ಅಲ್ಲಿ ಬೆರಳೆಣಿಕೆಯಷ್ಟು ಕಥೋಲಿಕ ಮನೆಗಳಿವೆ, ತಗಡಿನ ಮಾಡಿನ ಒಂದು ಪುಟ್ಟ ಚರ್ಚಿದೆ. ಫಕೀರವ್ವ ಆ ಊರಿನವಳು. ದೀಕ್ಷಾಸ್ನಾನದ ಹೆಸರು ಕ್ಲಾರಾ, ಆದರೆ ಹಾಗೆ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಎತ್ತರದ ಆಳು, ದೊಡ್ಡ ದನಿ. ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಖಡಕ್ ರೊಟ್ಟಿಗೆ ಮೊದಲು ಅವಳಿಗೆ ಹೇಳಿ ಕಳಿಸುತ್ತಾರೆ.

ಹುಟ್ಟಿದಾಗಿನಿಂದ ಅವಳು ಚರ್ಚಿಗೆ ಹೋಗುತ್ತಿದ್ದಳು. ಜಪಸರ, ಪರಲೋಕ ಮಂತ್ರ, ನಮೋ ಮರಿಯಾ ಎಲ್ಲ ಬಾಯಿಪಾಠ. ರೊಟ್ಟಿ ತಟ್ಟುತ್ತಲೇ ಒಂದು ಸುತ್ತು ಜಪ ಮುಗಿಸಬಲ್ಲಳು. ದೇವರ ಬಗ್ಗೆ ಬೇರೆ ಯೋಚನೆ ಮಾಡುವ ಪ್ರಸಂಗ ಅವಳಿಗೆ ಬಂದಿರಲಿಲ್ಲ.

ಬಂದದ್ದು ಮಗಳು ರೋಜಾ ತೀರಿಕೊಂಡಾಗ. ಇನ್ನೂ ಶಾಲೆಗೆ ಸೇರದ ಕೂಸು. ಆ ದಿನ ಬೆಳಿಗ್ಗೆ ಮೈ ಬೆಚ್ಚಗಿತ್ತು. ಕಡಲೆ ಕೀಳುವ ಹಂಗಾಮು, ಫಕೀರವ್ವ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಹೊಲಕ್ಕೆ ಹೋದಳು. ಮಧ್ಯಾಹ್ನ ಜ್ವರ ನೆತ್ತಿಗೇರಿತು. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವ ಮೊದಲೇ, ಜೀಪಿನಲ್ಲಿ ತಾಯಿಯ ತೊಡೆಯ ಮೇಲೆ, ಕೂಸಿನ ಉಸಿರು ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ಹೆಂಗಸರೆಲ್ಲ ಪಡಸಾಲೆಯಲ್ಲಿ ಕುಳಿತಿದ್ದರು. ಫಕೀರವ್ವನ ನೆಗೆಣ್ಣಿ ಸುನಿತಾ, ಅಂದರೆ ಮೈದುನನ ಹೆಂಡತಿ, ಬಾಜೂದವಳ ಕಿವಿಯಲ್ಲಿ ಹೇಳಿದಳು: "ಒಂದಿನ ಹೊಲಾ ಬಿಟ್ಟಿದ್ರ ಕೂಸು ಉಳೀತಿತ್ತು."

ಮೆಲ್ಲಗೆ ಆಡಿದ ಮಾತು. ಆದರೆ ಫಕೀರವ್ವನಿಗೆ ಕೇಳಿಸಿತು.

ಅಂದಿನಿಂದ ಅವಳು ಸುನಿತಾಳೊಡನೆ ಮಾತು ಬಿಟ್ಟಳು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಸಾಲು ನಿಂತಾಗ ಅವಳು ಹಿಂದೆ ಕುಳಿತೇ ಇರುತ್ತಿದ್ದಳು. ಗಂಡ ಹೊಳೆಯಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಮಾತು ಕಡಿಮೆ. ಒಮ್ಮೆ ಯಾಕೆಂದು ಕೇಳಿದ. "ಎದಿಯಾಗ ಇಷ್ಟು ಸಿಟ್ಟ ಇಟ್ಕೊಂಡು ಹೆಂಗ ತಗೊಳ್ಳಲಿ?" ಎಂದಳು. ಅವನು ಮತ್ತೆ ಕೇಳಲಿಲ್ಲ. ಹೀಗೆ ಎಷ್ಟೋ ವರ್ಷ ಕಳೆದವು.

ಆಮೇಲೆ ಫಾದರ್ ವಲೇರಿಯನ್ ಬಂದರು. ಕರಾವಳಿಯ ಕಡೆಯವರು, ವಯಸ್ಸು ಚಿಕ್ಕದು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ ಪೂಜೆ ಮುಗಿಸಿ ಫಕೀರವ್ವನ ಮನೆಗೆ ಊಟಕ್ಕೆ ಬಂದವರು, ಕೈ ತೊಳೆದುಕೊಂಡ ಮೇಲೆ, ಪರಮಪ್ರಸಾದಕ್ಕೆ ಯಾಕೆ ಬರುವುದಿಲ್ಲವೆಂದು ನೇರವಾಗಿ ಕೇಳಿದರು. ಅವಳೂ ನೇರವಾಗಿಯೇ ಎಲ್ಲ ಹೇಳಿದಳು. ಅವರು ಸಮಾಧಾನದ ಮಾತು ಹೇಳಹೋಗಲಿಲ್ಲ.

"ಇದನ್ನೆಲ್ಲ ದೇವರಿಗೆ ಹೇಳಿದ್ದೀರಾ?"

"ದಿನಾ ಜಪಾ ಮಾಡ್ತೀನ್ರಿ."

"ಜಪ ಅಲ್ಲ. ಈಗ ನನಗೆ ಹೇಳಿದಿರಲ್ಲ, ಹೀಗೆ."

"ಹಿಂಗ ದೇವರ ಮುಂದ ಮಾತಾಡಿದ್ರ ಬೈದಂಗ ಆಕ್ಕತ್ರಿ."

"ಬೈಯಿರಿ. ದೇವರಿಗೆ ಬೈದ ಭಕ್ತರು ನಿಮಗಿಂತ ಮೊದಲೂ ಇದ್ದರು."

ಶನಿವಾರ ಮಧ್ಯಾಹ್ನ ಚರ್ಚಿನ ಕಸ ಹೊಡೆಯುವ ಪಾಳಿ ಫಕೀರವ್ವನದು. ಆ ವಾರ ಕಸ ಹೊಡೆದು, ಬಾಗಿಲು ಮುಂದೆ ಮಾಡಿ, ಶಿಲುಬೆಯ ಎದುರು ನೆಲದ ಮೇಲೆ ಕುಳಿತಳು. ಹೇಳಿದಳು: "ಯೇಸಪ್ಪಾ, ನನ್ನ ಕೂಸನ್ನ ಯಾಕ ಒಯ್ದಿ? ದುಡಿಯಾಕ ಹೋಗಿದ್ದು ತಪ್ಪೇನು? ತಪ್ಪಿದ್ರ ನೀನರ ಹೇಳು, ಆಕಿ ಯಾಕ ಹೇಳಬೇಕು?" ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ನಿಲ್ಲಲಿಲ್ಲ. ಅತ್ತಳು, ಬೈದಳು, ಮತ್ತೆ ಅತ್ತಳು. ಉತ್ತರವೇನೂ ಬರಲಿಲ್ಲ. ಆದರೆ ಮುಂದಿನ ಶನಿವಾರವೂ ಕುಳಿತಳು, ಅದರ ಮುಂದಿನದೂ. ಬರುಬರುತ್ತ ಬೈಗುಳ ಕಡಿಮೆಯಾಗಿ, ರೋಜಾಳ ಮಾತು ಹೆಚ್ಚಾಯಿತು. ಅವಳು ಕೋಳಿಮರಿಗಳಿಗೆ ಹೆಸರಿಟ್ಟದ್ದು, ತಂದೆಯ ಕರಣಿ ಹಿಡಿದು ಮಣ್ಣಿನ ಗೋಡೆ ಕಟ್ಟಿದ್ದು. ಮಗಳ ಹೆಸರನ್ನು ಬಾಯಿಬಿಟ್ಟು ಹೇಳದೆ ಎಷ್ಟೊಂದು ಕಾಲವಾಗಿತ್ತೆಂದು ಅವಳಿಗೆ ಆಗಲೇ ಹೊಳೆದದ್ದು.

ಒಂದು ಶನಿವಾರ ಅವಳ ಬಾಯಿಂದಲೇ ಹೀಗೊಂದು ಮಾತು ಬಂತು: "ಸುನಿತಾ ಅಂದಿದ್ದು ಒಮ್ಮೆ. ಆಮ್ಯಾಲೆ ದಿನಾ ಅಂದಾಕಿ ನಾನ."

ತನ್ನನ್ನು ತಾನೇ ಇಷ್ಟು ವರ್ಷ ಕಟಕಟೆಗೆ ನಿಲ್ಲಿಸಿಕೊಂಡಿದ್ದಳು. ಪಾಪನಿವೇದನೆಗೆ ಹೋದಾಗ ಹೊಲಕ್ಕೆ ಹೋದದ್ದನ್ನೂ ಪಾಪವೆಂದು ಹೇಳಿದಳು. ಅದು ಪಾಪವಲ್ಲ ಎಂದರು ಫಾದರ್. ಇಟ್ಟುಕೊಂಡ ಸಿಟ್ಟಿಗೆ ಮಾತ್ರ ಕ್ಷಮೆ ಕೊಟ್ಟರು. ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಪೂಜೆಯಲ್ಲಿ ಫಕೀರವ್ವ ಎದ್ದು ಸಾಲಿನಲ್ಲಿ ನಿಂತಳು. ಹೊಳೆಯಪ್ಪ ಹಿಂದಕ್ಕೆ ಸರಿದು ಅವಳಿಗೆ ಮುಂದೆ ಜಾಗ ಬಿಟ್ಟ.

ಮರುದಿನ ಬೆಳಿಗ್ಗೆ ಅವಳು ಸುನಿತಾಳ ಮನೆಗೆ ಹೋದಳು. ಸುನಿತಾ ಅಕ್ಕಿ ಆರಿಸುತ್ತಿದ್ದವಳು ಗಾಬರಿಯಾಗಿ ಎದ್ದು ನಿಂತಳು.

"ರೋಜಾನ್ನ ಮಣ್ಣಿಗಿಟ್ಟ ದಿನ ನೀ ಆಡಿದ ಮಾತು ನಾ ಇಲ್ಲೀತನಾ ಇಟ್ಕೊಂಡಿದ್ದೆ. ಇವತ್ತ ಬಿಟ್ಟೆ. ಅಷ್ಟು ಹೇಳಿ ಹೋಗೂಣು ಅಂತ ಬಂದೆ."

"ಯಾವ ಮಾತ ಅಕ್ಕಾ?"

ಫಕೀರವ್ವ ಹೇಳಿದಳು. ಸುನಿತಾ ಕಣ್ಣು ಬಿಟ್ಟುಕೊಂಡು ನಿಂತಳು. "ನಾ ಹಂಗಂದೆನಾ? ನನಗ ನೆನಪಽ ಇಲ್ಲಲ್ಲ. ಮಾತು ಬಿಟ್ಟಿದ್ದು ಹೊಲದ ಬದುವಿನ ಜಗಳದ ಸಲುವಾಗಿ ಅಂತ ತಿಳಿದಿದ್ದೆ."

ಫಕೀರವ್ವನಿಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು, ಸೀದಾ ಚರ್ಚಿಗೆ ನಡೆದಳು. "ಕೇಳಿದೇನು? ಆಕಿಗೆ ನೆನಪಿಲ್ಲಂತ. ಕೇಳಲಾರದಾಕಿಗೆ ಹೆಂಗ ಕ್ಷಮಾ ಮಾಡಲಿ?" ಎಂದು ಜೋರಾಗಿಯೇ ಕೇಳಿದಳು. ಶಿಲುಬೆಯ ಮೇಲಿದ್ದವನನ್ನು ನೋಡುತ್ತ ನೋಡುತ್ತ ಅವಳ ಸಿಟ್ಟು ಇಳಿಯಿತು. ಅವನಿಗೆ ಮೊಳೆ ಹೊಡೆದವರೂ ಕ್ಷಮೆ ಕೇಳಿರಲಿಲ್ಲ, ಆದರೂ ಅವನು ಅವರನ್ನು ಕ್ಷಮಿಸಿದ್ದ. ಮನೆಗೆ ಬಂದವಳು ಗೋಡೆಯ ಈಚೆಯಿಂದಲೇ ಕೂಗಿದಳು: "ಸುನಿತಾ, ಚಹಾ ಇಟ್ಟೀನಿ. ಬಾ."

ಸುನಿತಾ ಬಂದಳು. ಚಹಾ ಕುಡಿದು ಲೋಟ ಕೆಳಗಿಟ್ಟು, "ನೆನಪಿಲ್ಲಂದ್ರೂ ತಪ್ಪು ತಪ್ಪಽ ಅಕ್ಕಾ," ಎಂದಳು.

ಈಗ ಫಾದರ್ ಬರಲಾಗದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವುದು ಫಕೀರವ್ವ. ಪುಸ್ತಕದ ಪ್ರಾರ್ಥನೆ ಮುಗಿದ ಮೇಲೆ, ಯಾರ ಮನೆಯಲ್ಲಿ ಏನು ನೋವಿದೆಯೋ ಅದನ್ನು ತನ್ನ ಮಾತಿನಲ್ಲೇ ದೇವರ ಮುಂದೆ ಇಡುತ್ತಾಳೆ. ಮೊದಮೊದಲು ನಕ್ಕವರಿದ್ದರು. ಈಗ ತಮ್ಮ ಮನೆಯದನ್ನೂ ಸೇರಿಸಲು ಮುಂಚೆಯೇ ಬಂದು ಹೇಳುತ್ತಾರೆ.

ಹೋದ ವರ್ಷ ಎದುರುಮನೆಯ ಮಹಾದೇವಕ್ಕನ ಮಗಳು ಮಲ್ಲಿಕಾ ಹಡೆದ ಕೂಸು ಉಳಿಯಲಿಲ್ಲ. ಲಿಂಗಾಯತರ ಮನೆ. ಮಲ್ಲಿಕಾ ತವರಿನ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಯಾರೊಡನೆಯೂ ಮಾತಿಲ್ಲ. ಫಕೀರವ್ವ ಹೋಗಿ ಪಕ್ಕದಲ್ಲಿ ಕುಳಿತಳು. ಮರುದಿನವೂ ಕುಳಿತಳು. ಏನನ್ನೂ ಹೇಳಲಿಲ್ಲ. ಕಡೆಗೊಂದು ಮಧ್ಯಾಹ್ನ ಮಲ್ಲಿಕಾಳೇ ಇತ್ತ ತಿರುಗಿದಳು.

"ಚಿಗವ್ವಾ, ರೋಜಾ ಹೋದಾಗ ನಿಮ್ಮ ದೇವರನ್ನ ಯಾಕ ಅಂತ ಕೇಳಿದ್ರೇನ್ರಿ?"

"ಕೇಳಿದೆ. ಬೈದು ಕೇಳಿದೆ."

"ಏನ್ ಹೇಳ್ದ?"

"ಏನೂ ಹೇಳಲಿಲ್ಲವಾ. ಆದ್ರ ನಾ ಮಾತಾಡೂಮಟಾ ನನ್ನ ಬಿಟ್ಟು ಎದ್ದು ಹೋಗಲಿಲ್ಲ."

ಮಲ್ಲಿಕಾ ಆಗ ಅಳತೊಡಗಿದಳು, ಕೂಸಿಗೆ ಇಡಬೇಕೆಂದಿದ್ದ ಹೆಸರು ಹೇಳಿ ಹೇಳಿ ಅತ್ತಳು. ಅತ್ತು ದಣಿದು ಫಕೀರವ್ವನ ತೊಡೆಯ ಮೇಲೆ ತಲೆಯಿಟ್ಟಳು, ಹಾಗೆಯೇ ನಿದ್ದೆ ಹೋದಳು. ಅವಳಿಗೆ ಎಚ್ಚರವಾಗುವವರೆಗೂ ಫಕೀರವ್ವ ಕದಲಲಿಲ್ಲ.