ಪೆನ್ಸಿಲ್ಲಿನ ಭಾನುವಾರ

ಮಂಗಳಾ ಅವರೇ, ನಿಮ್ಮ ಗಂಡ ರಂಗಸ್ವಾಮಿ ಗುಬ್ಬಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸತ್ತಿದ್ದಲ್ಲ. ಸತ್ಯಮಂಗಲದ ನಮ್ಮ ಫ್ಯಾಕ್ಟರಿಯ ಶೆಡ್ಡಿನ ಮೇಲಿಂದ ಬಿದ್ದು ಸತ್ತರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ — ಮೂರು ವರ್ಷವಾಯಿತು.

ಅಲ್ಲಿ ಹಾಜರಿ ಮತ್ತು ಅಪಘಾತದ ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಒಂದು ಅಂಕಿ ತಪ್ಪಾದರೂ ಸಹಿಸೆ ಎಂಬ ಜಂಬವಿತ್ತು. ನಮ್ಮಲ್ಲಿ ಆರು ದಿನದ ಹಾಜರಿ ಪೆನ್ನಿನಲ್ಲಿ. ಭಾನುವಾರದ್ದು ಮಾತ್ರ ಬಿಡಿ ಹಾಳೆಯಲ್ಲಿ, ಪೆನ್ಸಿಲ್ಲಿನಲ್ಲಿ. ವಾರದ ರಜೆಯಲ್ಲೂ ದುಡಿಸುವುದು ದಾಖಲೆಯಲ್ಲಿ ಕಾಣಬಾರದು. ಬಂದವರಿಗೆ ಮಂಗಳವಾರವೋ ಬುಧವಾರವೋ ರಜೆ ಕೊಟ್ಟು, ಆ ದಿನ ಹಾಜರೆಂದು ಪೆನ್ನಿನಲ್ಲಿ ತುಂಬಿ, ಹಾಳೆ ಹರಿದು ಹಾಕುತ್ತಿದ್ದೆ. ತಪ್ಪೆಂದು ಒಮ್ಮೆಯೂ ಅನ್ನಿಸಿರಲಿಲ್ಲ — ಅಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದೆ.

ಆ ಭಾನುವಾರದ ಹಾಳೆಯಲ್ಲಿ ನಾಲ್ಕು ಹೆಸರು, ಎದುರಿಗೆ ಅವರವರ ಸಹಿ. ಚಾವಣಿಯ ಒಡೆದ ಶೀಟು ಬದಲಿಸಲು ಮೇಲೆ ಹತ್ತಿದವರು ರಂಗಸ್ವಾಮಿ. ಸೊಂಟಕ್ಕೆ ಬಿಗಿಯುವ ಬೆಲ್ಟು ಸ್ಟೋರಿನಲ್ಲಿತ್ತು. ಸ್ಟೋರಿಗೆ ಬೀಗ, ಸ್ಟೋರ್ ಕೀಪರನಿಗೆ ರಜೆ. ಸದ್ದು ಕೇಳಿ ಓಡಿದೆ. ಆಮೇಲೆ ಕಂಡದ್ದು —

ಮ್ಯಾನೇಜರ್ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಒಯ್ದರು. ಸಂಜೆ ಒಬ್ಬರೇ ಬಂದರು.

"ಹೋಗ್ಬಿಟ್ಟ. ಬೈಕಿಂದ ಬಿದ್ದ ಅಂತ ಬರ್ಸಿದೀನಿ. ಭಾನುವಾರ ಫ್ಯಾಕ್ಟರಿನೇ ಇರಲ್ಲ ಕಣಮ್ಮ, ಆಕ್ಸಿಡೆಂಟ್ ಎಲ್ಲಿಂದ ಬರುತ್ತೆ? ಆ ಹಾಳೆ ಹರಿದಾಕು. ಓದಿದೋಳು ನೀನು, ಬಿಡ್ಸಿ ಹೇಳ್ಬೇಕಾ?"

ಬೈಕನ್ನು ಯಾರು ಒಯ್ದು ರಸ್ತೆಯಂಚಿಗೆ ಮಲಗಿಸಿದರೋ ನಾನು ನೋಡಲಿಲ್ಲ, ಕೇಳಲೂ ಇಲ್ಲ. ಉಳಿದ ಮೂವರು ಆ ತಿಂಗಳಲ್ಲೇ ಕೆಲಸ ಬಿಟ್ಟರು — ಬಿಡಿಸಿದರು. ಹಾಳೆಯನ್ನು ನಾನು ಹರಿಯಲಿಲ್ಲ, ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಧೈರ್ಯದಿಂದಲ್ಲ. ಮುಂದೆ ಎಲ್ಲವೂ ನನ್ನ ತಲೆಗೆ ಬಂದರೆ ಇರಲಿ ಎಂದು.

ಸೋಮವಾರ ಬೆಳಿಗ್ಗೆ ಗೇಟಿನ ಬೋರ್ಡಿನಲ್ಲಿ 'ಅಪಘಾತವಿಲ್ಲದ ದಿನಗಳು' ಎಂಬುದರ ಕೆಳಗೆ ಒಂದು ದಿನ ಹೆಚ್ಚಿಸಿದೆ. ವರ್ಷದ ಕೊನೆಗೆ ಸರ್ಕಾರಕ್ಕೆ ಕಳಿಸುವ ನಮೂನೆಯಲ್ಲಿ ಸಾವು ಎಂಬಲ್ಲಿ ಸೊನ್ನೆ ಬರೆದೆ. ದುಂಡಗೆ, ಪೆನ್ನಿನಲ್ಲಿ.

ಹದಿನೈದು ದಿನ ಕಳೆದ ಮೇಲೆ ನೀವು ಬಂದಿರಿ. ಕೂರಲಿಲ್ಲ.

"ಅವತ್ತು ಕೆಲ್ಸ ಐತೆ ಅಂತ ಡಬ್ಬಿ ತಗೊಂಡೋದ್ರು ಮೇಡಮ್. ಬಂದಿದ್ರಾ ಇಲ್ವಾ? ಅಷ್ಟೇ ಹೇಳಿ, ಹೋಯ್ತೀನಿ."

"ಇಲ್ಲ. ಭಾನುವಾರ ರಜೆ."

"ಹಂಗಾರೆ ಡಬ್ಬಿ ಕಟ್ಟಿಸ್ಕೊಂಡು ಯಾವೋಳ್ ಮನೆಗ್ ಹೋಗಿದ್ನೋ. ನಮ್ ನಿಟ್ಟೂರಲ್ಲಿ ಜನ ಅಂತಿರೋದೇ ದಿಟ ಆಯ್ತು ಬುಡಿ."

ಡಬ್ಬಿ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ತೊಳೆದಿಟ್ಟಿದ್ದೆ. ನನಗೂ ನಿಮಗೂ ನಡುವೆ ಒಂದು ಮೊಳ ದೂರ. ನಾಚಿಕೆಯಾಗುವುದರ ಬದಲು ನಿಮ್ಮ ಮೇಲೆ ಸಿಟ್ಟು ಬಂತು — ಯಾಕೆ ನನ್ನನ್ನೇ ಕೇಳುತ್ತಾಳೆ, ಬೇಗ ಹೋಗಬಾರದೇ ಎಂದು.

ಹೋದ ವಾರ ನಿಟ್ಟೂರಿನಿಂದ ಬರುವ ಸಹೋದ್ಯೋಗಿಯೊಬ್ಬಳು ಊಟದ ಹೊತ್ತಿನಲ್ಲಿ ನಗುತ್ತಾ ಅಂದಳು: "ಆ ರಂಗಸ್ವಾಮಿ ಹೆಂಡ್ತಿ ಗಂಡನ ಫೋಟೊನೇ ಇಳ್ಸವ್ಳೆ ಕಣೇ. ವರ್ಷಕ್ಕೊಂದ್ಸಲ ಎಡೆನೂ ಇಡಲ್ವಂತೆ. ಅವ್ನು ಮಾಡಿದ್ದಕ್ಕೆ ಸರಿಯಾಗೈತೆ ಬುಡು."

ಅವರು ಮಾಡಿದ್ದೇನು? ಕೆಲಸಕ್ಕೆ ಬಂದದ್ದು. ಅವರ ಜೀವ ತೆಗೆದದ್ದು ಬೀಗ ಹಾಕಿದ ಸ್ಟೋರು; ಹೆಸರು ತೆಗೆದದ್ದು ನಾನು. ಮ್ಯಾನೇಜರ್ ಮುಖ ಕಂಡರೆ ಇಂದಿಗೂ ಅಸಹ್ಯ. ಆದರೆ ನಿಮಗೆ ಉತ್ತರ ಕೊಟ್ಟ ಬಾಯಿ ಅವರದಲ್ಲ.

ಹಾಳೆಯ ಪ್ರತಿಯನ್ನು, ಕಂಡದ್ದನ್ನೆಲ್ಲ ಬರೆದು ಸಹಿ ಮಾಡಿದ ದೂರಿನೊಂದಿಗೆ, ಇವತ್ತು ಕಾರ್ಖಾನೆ ತಪಾಸಣೆಯ ಕಚೇರಿಗೆ ಕೊಟ್ಟಿದ್ದೇನೆ. ಮೂಲ ಹಾಳೆ ನಿಮ್ಮದು. ಪೆನ್ಸಿಲ್ ಮಾಸಿದೆ, ಆದರೆ ಅವರ ಸಹಿ ಓದಲು ಬರುತ್ತದೆ. ನಾಳೆ ಅದನ್ನೂ ಡಬ್ಬಿಯನ್ನೂ ಹಿಡಿದು ನಿಟ್ಟೂರಿಗೆ ಬರುತ್ತೇನೆ. ಬಾಗಿಲು ಮುಚ್ಚಿದರೆ ಮುಚ್ಚಿ, ಬೈದರೆ ಬೈಯಿರಿ. ನಾನು ಮೆತ್ತಗೆ ಮಾತಾಡುವವಳು. ನಾಳೆ ಬೀದಿಗೆಲ್ಲ ಕೇಳುವಂತೆ ಹೇಳುತ್ತೇನೆ — ಅವತ್ತು ಅವರು ಕೆಲಸಕ್ಕೆ ಬಂದಿದ್ದರು.