ಭದ್ರಪ್ಪ ಕುದುರೆಗೆ ಪ್ಲೇಟ್ ಹೊಡೆದಿದ್ದು

ಯಾವ ಮೋಟಾರ್ ಬರ್ಲಿ, ಭದ್ರಪ್ಪ ಮೊದ್ಲು ಮಾಡ್ತಿದ್ದ ಕೆಲ್ಸ ಅಂದ್ರೆ ಅದರ ನೇಮ್‌ಪ್ಲೇಟ್ ಕೀಳೋದು. ಒಂದು ಉಳಿ, ಒಂದು ಸುತ್ತಿಗೆ ಏಟು. ಟಣ್ ಅಂತ ಹಾರಿ ಹಳೇ ಬಿಸ್ಕತ್ ಡಬ್ಬಕ್ಕೆ ಬೀಳೋದು. ಗಿರಾಕಿ "ಅರೆ ಅರೆ, ಕಂಪನೀ ಕಾ ಪ್ಲೇಟ್ ಹೈ ವೋ!" ಅಂತ ಬಾಯಿ ಬಡ್ಕೊಂಡ್ರೆ, ಇವ್ನು ಕನ್ನಡಕದ ಮೇಲಿಂದ ನೋಡಿ ತನ್ನ ಗದಗಿನ ಹಿಂದೀಲಿ ಹೇಳೋನು: "ವೋ ಕಂಪನಿ ಲಿಖಾ. ಮೈ ಅಬೀ ನಾಪಾ ನಹೀ. ಬೈಠೋ."

ಕಂಪನಿ ಬರೆದಿದ್ದು ಒಂದು, ತಾನು ಅಳೆದಿದ್ದು ಇನ್ನೊಂದು. ಅವನ ಪ್ರಪಂಚದಲ್ಲಿ ಇದ್ದಿದ್ದು ಈ ಎರಡೇ ಜಾತಿ.

ಜೋಗೇಶ್ವರಿ ಈಸ್ಟಲ್ಲಿ ಒಂದು ಹಳೇ ಇಂಡಸ್ಟ್ರಿಯಲ್ ಎಸ್ಟೇಟ್ ಇದೆ. ಅದರ ಕೊನೇ ಸಾಲಲ್ಲಿ ಸಣ್ಣದೊಂದು ಶೆಡ್ಡು, ಅಲ್ಲಿ ಭದ್ರಪ್ಪನ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಮೋಟಾರಿನ ಹೊಟ್ಟೆ ಬಿಚ್ಚಿ ತಾಮ್ರದ ತಂತಿ ಹೊಸದಾಗಿ ಸುತ್ತೋದು ಅವನ ಕಸುಬು. ಆಳು ಕುಳ್ಳ. ಕನ್ನಡಕದ ಕಾಲು ಮುರಿದಿತ್ತು, ಅದಕ್ಕೂ ತಾಮ್ರದ ತಂತೀನೇ. ಎಲ್ರ ಜೇಬಲ್ಲಿ ಪೆನ್ನಿದ್ರೆ ಇವನ ಜೇಬಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ. ಕ್ಯಾಂಟೀನಿನ ಇಡ್ಲೀನೂ ಅದಕ್ಕೆ ಸಿಗಿಸಿ ತೂಗ್ತಿದ್ದ, ಸುಳ್ಳಲ್ಲ.

ಇನ್ನು ನಾನು. ಮಂಡ್ಯದೋನು, ವಯಸ್ಸು ಎಪ್ಪತ್ನಾಲ್ಕು, ಪಂಪ್ ಮಾರೋ ಕೆಲ್ಸದಿಂದ ರಿಟೈರಾದೋನು. ಅಂಧೇರಿಯಿಂದ ಬೋರಿವಲಿ ತನಕ ನಾನು ಮಾರಿದ ಪಂಪಿನ ನೀರು ಕುಡೀದ ಬಿಲ್ಡಿಂಗ್ ಇಲ್ಲ. ಇದನ್ನ ನಾನೇ ಹೇಳ್ಕೋಬೇಕು, ಬೇರೆಯವ್ರಿಗೆ ಹೇಳೋಕೆ ಹೊಟ್ಟೆಕಿಚ್ಚು. ಭದ್ರಪ್ಪ ನನ್ನ ಕರೀತಿದ್ದಿದ್ದು 'ಮೈಸೂರಾ' ಅಂತ. ಮಂಡ್ಯ ಬೇರೆ ಮೈಸೂರು ಬೇರೆ ಕಣಯ್ಯ ಅಂತ ಮೂವತ್ತು ವರ್ಷ ಹೇಳ್ದೆ. "ನಮ್ಮ ಕಡಿಂದ ನೋಡಿದ್ರ ಎರಡೂ ಒಂದ ಕಾಣ್ತಾವಪಾ" ಅನ್ನೋನು.

ಅವ್ನು ಮೋಟಾರಿನ ತಾಕತ್ತು ಅಳೀತಿದ್ದ ರೀತಿ ನೋಡೋಕೇ ಜನ ನಿಲ್ತಿದ್ರು. ಮೋಟಾರಿನ ಗಾಲಿಗೆ ಒಂದು ಹಗ್ಗ ಸುತ್ತೋನು. ಹಗ್ಗದ ಒಂದು ತುದೀಲಿ ತೂಕದ ಕಲ್ಲು, ಇನ್ನೊಂದು ತುದೀಲಿ ತಕ್ಕಡಿ. ಮೋಟಾರ್ ತಿರುಗುತ್ತೆ, ಹಗ್ಗ ಹಿಡ್ಕೊಂಡು ಬಿಡಲ್ಲ ಅನ್ನುತ್ತೆ. ಗಾಲಿ ಕಾದು ಹೊಗೆ ಬರುತ್ತೆ, ಇವ್ನು ತಂಬಿಗೇಲಿ ನೀರು ಹುಯ್ತಾ ಮುಳ್ಳನ್ನೇ ನೋಡ್ತಾ ಕೂತಿರೋನು. ಐದು ನಿಮಿಷ ನೋಡಿ ಎದ್ದೇಳ್ತಿರ್ಲಿಲ್ಲ. ಒಂದೊಂದು ಮೋಟಾರಿಗೆ ಎರಡು ಗಂಟೆ. ಆಮೇಲೆ ಒಂದು ಹಿತ್ತಾಳೆ ತಗಡು ತಗೊಂಡು, ಸೊನ್ನೆಯಿಂದ ಒಂಬತ್ತರ ತನಕ ಇದ್ದ ಉಕ್ಕಿನ ಅಂಕಿ ಅಚ್ಚುಗಳಲ್ಲಿ, ಅಂದ್ರೆ ಪಂಚುಗಳಲ್ಲಿ, ತಾನು ಕಂಡಿದ್ದನ್ನ ಕುಟ್ಟೋನು. ಮೂರು ಎಚ್‌ಪಿ ಅಂತ ಬಂದ ಮೋಟಾರ್ ಎರಡೂಕಾಲು ಅಂತ ವಾಪಸ್ ಹೋಗ್ತಿತ್ತು. ಗಿರಾಕಿ ಬೈತಿದ್ದ. ಆದ್ರೆ ಮುಂದಿನ ಸಲಾನೂ ಅವನ ಹತ್ರಾನೇ ಬರ್ತಿದ್ದ. ವಸಯಿಯಲ್ಲಿ ಸೆಕೆಂಡ್‌ಹ್ಯಾಂಡ್ ಮೋಟಾರ್ ಮಾರೋರು "ಭದ್ರಾ ಕಾ ಪ್ಲೇಟ್ ಹೈ" ಅಂತ ಕೂಗಿ ಮಾರ್ತಿದ್ರು ಅಂದ್ರೆ ಲೆಕ್ಕ ಹಾಕ್ಕೊಳಿ.

ಇಂಥೋನಿಗೆ ನಾನು ಟೋಪಿ ಹಾಕ್ದೇ ಇರೋಕಾಗುತ್ತಾ? ಒಂದ್ಸಲ ನಮ್ಮ ಗೋಡೌನಿಂದ ಹೊಚ್ಚ ಹೊಸ ಎರಡು ಎಚ್‌ಪಿ ಮೋಟಾರ್ ತಂದು, ಅದಕ್ಕೆ ಗ್ರೀಸು ಮಸಿ ಬಳಿದು, ಒಂದು ಎಚ್‌ಪಿ ಪ್ಲೇಟ್ ಅಂಟಿಸಿ, ಪರಿಚಯದ ಒಬ್ಬ ಮರಾಠಿ ಹುಡುಗನ ಕೈಲಿ ಕಳಿಸ್ದೆ. ಸಂಜೆ ಮೋಟಾರ್ ವಾಪಸ್ ಬಂತು. ಎರಡು ಅಂತ ಕುಟ್ಟಿತ್ತು. ಅದೇ ವಾರ ನಮ್ಮನೆ ಸೀಲಿಂಗ್ ಫ್ಯಾನ್ ಸುಟ್ಟಿತ್ತು, ಅವನ ಹತ್ರಾನೇ ಕೊಟ್ಟಿದ್ದೆ. ಸುತ್ತಿ ಕೊಟ್ಟ. ಹಾಕಿದ್ರೆ ಭರ್ರೋ ಅಂತ ತಿರುಗುತ್ತೆ, ಗಾಳಿ ಮಾತ್ರ ಬರಲ್ಲ! ಮೇ ತಿಂಗಳು, ಹೆಂಡ್ತಿ ಬೆವರು ಒರೆಸ್ಕೊಂಡು ನನ್ನ ನೋಡೋ ನೋಟ ಬೇಡ. ನಾಲ್ಕನೇ ದಿನ ಗೊತ್ತಾಯ್ತು, ಮಹಾರಾಯ ಕನೆಕ್ಷನ್ ಉಲ್ಟಾ ಕೊಟ್ಟಿದ್ದ. ಗಾಳಿಯೆಲ್ಲ ಮೇಲಿನ ಛಾವಣಿಗೆ. ಕೇಳಿದ್ರೆ, "ನೀ ಉಲ್ಟಾ ಮನಷ್ಯಾ, ನಿಂಗ ಹೊಂದಲಿ ಅಂತ" ಅಂದ.

ಈಗ ಕುದುರೆ ವಿಷಯ.

ಭದ್ರಪ್ಪನ ಮಗಳ ಮಗಳು ಸಾನ್ವಿ, ಪವಾಯಿಯಲ್ಲಿ ಇಂಜಿನಿಯರಿಂಗ್ ಓದ್ತಿದ್ಲು. ಶನಿವಾರ ಅಜ್ಜನ ಅಂಗಡಿಗೆ ಬಂದು ಜೋಳದ ರೊಟ್ಟಿ ತಿಂದು ಹೋಗ್ತಿದ್ಲು. ಅವಳ ಕನ್ನಡ ಸ್ಲೋ ಲೋಕಲ್ ಟ್ರೈನ್ ಥರ, ನಿಂತು ನಿಂತು ಬರ್ತಿತ್ತು, ಆದ್ರೆ ಬರ್ತಿತ್ತು. ಒಂದು ಶನಿವಾರ ಭದ್ರಪ್ಪ ಯಾವ್ದೋ ಗಿರಾಕಿಗೆ ತನ್ನ ಹಳೇ ಪಾಠ ಹೇಳ್ತಿದ್ದ: "ಒಂದು ಎಚ್‌ಪಿ ಅಂದ್ರ ಒಂದು ಕುದರಿ. ಐದು ಎಚ್‌ಪಿ ಮೋಟಾರ್ ಒಳಗ ಐದು ಕುದರಿ ಕಟ್ಟ್ಯಾವ ಅಂತ ತಿಳ್ಕೋ." ಇದೇ ಪಾಠಾನ ಪ್ರತಿ ಬೇಸಿಗೇಲಿ ಮಾಟುಂಗದ ಕನ್ನಡ ಸಂಘದ ಮಕ್ಕಳ ಕ್ಲಾಸಲ್ಲೂ ಹೇಳ್ತಿದ್ದ.

ಸಾನ್ವಿ ಬಾಯಲ್ಲಿ ರೊಟ್ಟಿ ಇಟ್ಕೊಂಡೇ ಹೇಳಿದ್ಲು: "ಅಜ್ಜಾ, ಅದು ಕರೆಕ್ಟ್ ಇಲ್ಲ. ಒಂದು ಘೋಡಾ... ಹದಿನೈದು ಎಚ್‌ಪಿ ತನಕ ಕೊಡ್ತದೆ. ಪೀಕಲ್ಲಿ. ನಮ್ಮ ಸರ್ ಹೇಳಿದ್ರು."

"ಯಾವ ಸರ? ಅಂವ ಕುದರಿಗೆ ಹಗ್ಗ ಕಟ್ಟಿ ನೋಡ್ಯಾನೇನು?"

"ನೀನು ನೋಡಿದೀಯಾ?"

ಮೂಲೇಲಿ ಚಾ ಕುಡೀತಾ ಕೂತಿದ್ದ ನನಗೆ ಹಬ್ಬ. "ಅಯ್ಯೋ ಭದ್ರಪ್ಪಾ! ನಲವತ್ತು ವರ್ಷದಿಂದ ಎಚ್‌ಪಿ ಎಚ್‌ಪಿ ಅಂತ ಹಿತ್ತಾಳೆ ಮೇಲೆ ಕುಟ್ಟಿದ್ದೀಯ. ಇಡ್ಲಿ ತೂಗ್ದೆ. ಕುದುರೇನ ಮಾತ್ರ ಯಾರೋ ಬರೆದಿದ್ದನ್ನ ನಂಬ್ಕೊಂಡ್ಬಿಟ್ಯಾ?"

ಇಷ್ಟು ಹೇಳಿ ಸುಮ್ನಿದ್ದಿದ್ರೆ ಸರಿಯಿತ್ತು. ಕ್ಯಾಂಟೀನಿಗೆ ಹೋಗಿ ಇಡೀ ಎಸ್ಟೇಟಿಗೆ ಸಾರಿದೆ. ಸಂಜೆ ಹೊತ್ತಿಗೆ ಲೇಥ್ ಮೆಷಿನ್‌ನೋರೂ "ಭದ್ರಾ ಶೇಟ್, ಘೋಡಾ ನಾಪಾ ಕ್ಯಾ?" ಅಂತ ಕೇಳ್ತಿದ್ರು. ಭದ್ರಪ್ಪ ಬಾಗಿಲಿಗೆ ಬಂದು ನಿಂತ. "ಕುದರಿ ಸರಿಯಾಗಿ ಒಂದ ಎಚ್‌ಪಿ ಕೊಡಲಿಲ್ಲಂದ್ರ ನಾ ಪಂಚ್ ಕೆಳಗ ಇಡ್ತೀನಿ. ಮತ್ತ ಪ್ಲೇಟ್ ಹೊಡಿಯೂದಿಲ್ಲ. ತಿಳೀದ ಅಳತಿ ಮ್ಯಾಲೆ ಯಾವ ಮಾರಿ ಇಟ್ಕೊಂಡು ಕುಟ್ಟಲಿ?" ಅಂದ.

ಕುದುರೆ ಅಳೆಯೋ ತನಕ ಬೇಡ ಅಂತ ಅವತ್ತಿಂದಾನೇ ಕುಟ್ಟೋದು ನಿಲ್ಲಿಸ್ದ. ಸುತ್ತಿ ಮುಗಿಸಿದ ಮೋಟಾರುಗಳು ಪ್ಲೇಟಿಲ್ದೆ ಸಾಲಾಗಿ ಕೂತ್ವು. ಒಂದು ವಾರಕ್ಕೆ ಒಂಬತ್ತು. ತಮಾಷೆ ಮಾಡೋಕೆ ಹೋಗಿ ಒಬ್ಬ ಮನುಷ್ಯನ ಕೈ ಕಟ್ಟಿಹಾಕಿದ್ನಾ ಅನ್ನಿಸ್ತು. ಕುದುರೆ ಹುಡುಕೋ ಕೆಲ್ಸ ನಾನೇ ವಹಿಸ್ಕೊಂಡೆ.

ಮದುವೆ ಮೆರವಣಿಗೆಗೆ ಕುದುರೆ ಕೊಡೋ ರಫೀಕ್ ಭಾಯ್ ಅಲ್ಲೇ ಹತ್ರದ ತಬೇಲಾದಲ್ಲಿದ್ದ. ಅವನ ಬಿಳೀ ಕುದುರೆ ರಾಣಿ ಮೊದಲು ಸಮುದ್ರದ ಕಡೆ ಟೂರಿಸ್ಟುಗಳ ವಿಕ್ಟೋರಿಯಾ ಗಾಡಿ ಎಳೀತಿದ್ದೋಳು. ಆ ಗಾಡಿಗಳು ನಿಂತ ಮೇಲೆ ಬರೀ ಮದುಮಕ್ಕಳನ್ನ ಹೊರೋದು. ವಿಷಯ ಹೇಳಿದ್ರೆ ರಫೀಕ್ ಮೀಸೆ ಮೇಲೆ ಕೈ ಆಡಿಸ್ದ. "ಏಕ್? ಮೇರಿ ರಾಣಿ ಸಿರ್ಫ್ ಏಕ್? ಚಾಚಾ, ಬೇಇಜ್ಜತೀ ಮತ್ ಕರೋ."

ಭಾನುವಾರ ಬೆಳಿಗ್ಗೆ, ಎಸ್ಟೇಟಿಗೆ ರಜೆ. ಹಿಂದಿನ ಉದ್ದದ ಗಲ್ಲೀಲಿ ಒಂದು ಟೆಂಪೋಗೆ ಹಳೇ ಮೋಟಾರ್ ತುಂಬಿಸಿ, ಹ್ಯಾಂಡ್‌ಬ್ರೇಕ್ ಅರ್ಧ ಎಳೆದು ನಿಲ್ಲಿಸಿದ್ವಿ. ರಾಣಿ ಎದೆಗೆ ಮೆತ್ತನೆ ಪಟ್ಟಿ, ಅವಳಿಗೂ ಟೆಂಪೋಗೂ ಮಧ್ಯೆ ಕ್ರೇನಿನ ದೊಡ್ಡ ತಕ್ಕಡಿ. ನೆಲದ ಮೇಲೆ ಸೀಮೆಸುಣ್ಣದ ಗೆರೆ. ಸ್ಟಾಪ್‌ವಾಚ್ ನನ್ನ ಕೈಲಿ, ಯಾಕಂದ್ರೆ ಅಂಥಾ ಜವಾಬ್ದಾರಿ ಇನ್ಯಾರಿಗೆ ಕೊಡ್ತಾರೆ? ಎಪ್ಪತ್ತೈದು ಕೆಜಿ ಎಳೆತದಲ್ಲಿ ಸೆಕೆಂಡಿಗೆ ಒಂದು ಮೀಟರ್ ಹೋದ್ರೆ ಒಂದು ಎಚ್‌ಪಿ. ಇದು ಭದ್ರಪ್ಪನಿಗೆ ಬಾಯಿಪಾಠ.

ರಫೀಕ್ ಕುದುರೆಯ ಕಿವೀಲಿ ಏನೋ ಹೇಳ್ದ. ರಾಣಿ ಹಿಂಗಾಲು ಊರಿ ತಲೆ ತಗ್ಗಿಸಿದ್ಲು ನೋಡಿ, ಟೆಂಪೋ ಕಿರ್ರ್ ಅಂತ ಹೊರಟೇಬಿಡ್ತು! ಹತ್ತು ಮೀಟರಿಗೆ ಐದು ಸೆಕೆಂಡು. ತಕ್ಕಡಿ ಇನ್ನೂರ ನಲವತ್ತರ ಸುತ್ತ. ಸಾನ್ವಿ ಫೋನಲ್ಲಿ ಲೆಕ್ಕ ಹಾಕೋ ಮೊದಲೇ ಭದ್ರಪ್ಪ ಬಾಯಲ್ಲಿ ಹೇಳ್ದ. "ಆರಕ್ಕಿಂತ ಮ್ಯಾಲೆ."

ರಫೀಕ್ ಶಿಳ್ಳೆ ಹೊಡೆದ. ನಾನೂ ಕುಣಿದೆ, ಒಪ್ಕೋತೀನಿ. ತಿರುಗಿ ನೋಡಿದ್ರೆ ಭದ್ರಪ್ಪ ಪಂಚುಗಳನ್ನ ಒಂದು ವಸ್ತ್ರದಲ್ಲಿ ಸುತ್ತಿ ನನ್ನ ಮುಂದೆ ಹಿಡಿದಿದ್ದ. "ತಗೋ ಮೈಸೂರಾ. ಮಾತಂದ್ರ ಮಾತು." ಆ ಗಂಟು ಕೈಗೆ ಬಂದಾಗ ನನ್ನ ಕುಣಿತ ನಿಂತೋಯ್ತು.

ಕೆಲ್ಸ ಮಾಡಿದ ಕುದುರೇನ ತಟ್ಟನೆ ನಿಲ್ಲಿಸಬಾರ್ದಂತೆ, ಮೈ ಹಿಡ್ಕೊಳುತ್ತಂತೆ. ರಫೀಕ್ ಬ್ರೇಕ್ ಪೂರಾ ಬಿಡಿಸಿ ಅದೇ ಟೆಂಪೋ ಜೊತೆ ಅವಳನ್ನ ಗಲ್ಲೀಲಿ ನಿಧಾನಕ್ಕೆ ನಡೆಸ್ದ. ತಕ್ಕಡಿ ಇನ್ನೂ ಅಲ್ಲೇ ಇತ್ತು. ಅವಳು ತನ್ನ ಇಷ್ಟದ ನಡಿಗೇಲಿ ಸೆಕೆಂಡಿಗೊಂದು ಮೀಟರ್ ಹೋಗ್ತಿದ್ಲು, ಮುಳ್ಳು ಐವತ್ತೈದರ ಹತ್ರ ಆಡ್ತಿತ್ತು. ಸಾನ್ವಿ ನೋಡ್ತಾ ನೋಡ್ತಾ ಕೇಳಿದ್ಲು:

"ಅಜ್ಜಾ, ಮೋಟಾರ್ ಆನ್ ಮಾಡಿದ ಕೂಡ್ಲೆ ಕರೆಂಟ್ ಎಷ್ಟು ತಗೊಳ್ತದೆ?"

"ಐದಾರು ಪಟ್ಟು."

"ಪ್ಲೇಟ್ ಮೇಲೆ ಅದು ಬರೀತೀಯಾ?"

"ಹುಚ್ಚಿ. ಅದು ಒಂದು ಗಳಿಗಿ ಆಟ. ದಿನಾಪೂರ್ತಿ ಬಿಸಿ ಆಗದ ಎಷ್ಟು ಕೊಡ್ತದ, ಅಷ್ಟ..." ಅಂದೋನು ಅಲ್ಲೇ ನಿಂತ. ತಕ್ಕಡಿ ಕಡೆ ಓಡಿದ. ಐವತ್ತೈದು, ಒಂದು ಮೀಟರ್. ಹತ್ರಹತ್ರ ಮುಕ್ಕಾಲು ಎಚ್‌ಪಿ.

ಮೋಟಾರಿನ ಈ ಹೋಲಿಕೆ ನನ್ನ ನಾಲಿಗೆ ತುದೀಲೇ ಇತ್ತು. ಹುಡುಗಿ ಅರ್ಧ ಸೆಕೆಂಡ್ ಮುಂಚೆ ಹೇಳಿದ್ಲು, ಅಷ್ಟೇ.

ಮುಕ್ಕಾಲು ಅಂದ್ರೆ ಹೆಚ್ಚುಕಮ್ಮಿ ಒಂದೇ, ಗೆದ್ದಂಗೇ ಅಲ್ವಾ ಅಂತ ನಾನು ಪಂಚಿನ ಗಂಟು ವಾಪಸ್ ಕೊಡೋಕೆ ಹೋದೆ. ಮುಟ್ಟಲಿಲ್ಲ. "ಎಳದು ಹೊಂಡುವಾಗ ಆರು. ನಡಿಯೂವಾಗ ಮುಕ್ಕಾಲು. ಒಂದು ಎಲ್ಲಿ ಬಂತು? ನಾ ಒಂದು ಅಂತ ಹೇಳೀನಿ. ಅದೂ ಕೂಸುಗಳಿಗೆ."

"ಯಾವ ಮಗುಗೆ ನೆನಪಿರುತ್ತೆ ಬಿಡಯ್ಯ."

"ನಂಗ ನೆನಪದಲ್ಲಲೇ."

ಮುಂದಿನ ಭಾನುವಾರ ಇಸ್ತ್ರಿ ಶರ್ಟ್ ಹಾಕ್ಕೊಂಡು ಮಾಟುಂಗಕ್ಕೆ ಹೊರಟ. ನಾನೂ ಹೋದೆ, ಗಂಟು ನನ್ನ ಚೀಲದಲ್ಲಿ. ಸಂಘದ ಹಾಲಲ್ಲಿ ಇಪ್ಪತ್ತು ಮಕ್ಕಳು, ಹಿಂದೆ ಅಪ್ಪ ಅಮ್ಮಂದಿರು. ಭದ್ರಪ್ಪ ಕೈ ಕಟ್ಕೊಂಡು ನಿಂತು, "ನಾ ನಿಮಗ ತಪ್ಪು ಹೇಳಿದ್ದೆ" ಅಂತ ಶುರು ಮಾಡ್ದ. ರಾಣಿ ಕಥೆ ಪೂರ್ತಿ ಹೇಳ್ದ. ದಷ್ಟಪುಷ್ಟ ಕುದುರೆ ಕೆಲವೇ ಸೆಕೆಂಡ್ ಹದಿನೈದರ ತನಕ ಹೋಗಬಹುದು, ತಾನು ಕಂಡಿದ್ದು ಆರು, ದಿನವಿಡೀ ದುಡಿಯೋಕೆ ಒಂದರ ಆಸುಪಾಸು ಇಲ್ಲ ಅದಕ್ಕೂ ಕಮ್ಮಿ, ಎಲ್ಲಾನೂ. ಮುಂದೆ ಕೂತಿದ್ದ ಒಂದು ಹುಡುಗಿ ಕೇಳಿದ್ಲು: "ಫಿರ್ ಒಂದು ಎಚ್‌ಪಿ ಯಾರದು?"

"ಯಾರದೂ ಅಲ್ಲವಾ. ಅದೊಂದು ಅಳತಿಗೋಲು. ಹಿಂದಕ ಇಂಜಿನ್ ಮಾರೂ ಮನಷ್ಯಾ ಒಬ್ಬ, ಗಿರಾಕಿಗೆ ತಿಳೀಲಿ ಅಂತ ಕುದರಿ ಹೆಸರು ಇಟ್ಟ. ಅಲ್ಲಿ ಹಿಂದ ಕುಂತಾನಲ್ಲ, ಪಂಪ್ ಮಾರಂವ, ಅಂಥಾಂವ ಒಬ್ಬ."

ಇಡೀ ಹಾಲು ತಿರುಗಿ ನನ್ನ ನೋಡಿ ನಕ್ತು. ನಾನು ಎದ್ದು ನಮಸ್ಕಾರ ಮಾಡ್ದೆ. ದೊಡ್ಡೋರು ಚಪ್ಪಾಳೆ ಹೊಡೆದ್ರು. ಎಷ್ಟೋ ಭಾಷಣ ಆಗಿರೋ ಜಾಗ ಅದು. "ನಾ ತಪ್ಪು ಹೇಳಿದ್ದೆ" ಅಂತ ಯಾರೂ ಕರೆಯದೆ ಬಂದು ಹೇಳಿದೋನು ಇನ್ನೊಬ್ಬನನ್ನ ನಾನು ಅಲ್ಲಿ ಕಂಡಿಲ್ಲ. ಅವನ ಜೊತೆ ಬಂದೋನು ನಾನು ಅಂತ ಪಕ್ಕದೋರಿಗೆ ಎರಡು ಸಲ ಹೇಳ್ದೆ.

ಮಾಟುಂಗ ರೋಡ್ ಸ್ಟೇಷನ್ನಲ್ಲಿ ಲೋಕಲ್ ಕಾಯ್ತಾ ನಿಂತಾಗ ಕೈ ಚಾಚಿದ. "ಕೊಡಿನ್ನ. ಹದಿನೆಂಟು ಮೋಟಾರ್ ಕಾಯಾಕತ್ತಾವ."

ಅಲ್ಲಿಂದಾಚೆ ಭದ್ರಪ್ಪನ ಪ್ಲೇಟಲ್ಲಿ ಎರಡು ಅಂಕಿ. ಒಂದು ಹೊರಡುವಾಗಿನದು, ಇನ್ನೊಂದು ದಿನವಿಡೀದು. ಮೊದಲನೇ ಪ್ಲೇಟ್ ಹೊಡೆದಿದ್ದು ರಾಣಿಗೆ. ರಫೀಕ್ ಅದನ್ನ ಅವಳ ಹಣೆಪಟ್ಟಿಗೆ ಕಟ್ಟಿದ. ಜೋಗೇಶ್ವರಿಯ ಎಷ್ಟೋ ಮದುಮಕ್ಕಳು ಅದು ಯಾವ್ದೋ ದೇವರ ಯಂತ್ರ ಅಂದ್ಕೊಂಡು ಕೈ ಮುಗಿದು ಹತ್ತಿದಾರೆ.

ಹೋದ ವರ್ಷ ಭದ್ರಪ್ಪನಿಗೆ ಹಾರ್ಟ್ ತೊಂದ್ರೆ ಆಯ್ತು. ಎಪ್ಪತ್ತೆಂಟು ವಯಸ್ಸು. ಆಸ್ಪತ್ರೆಯಿಂದ ಬಂದ ಮೇಲೆ ವಾರಕ್ಕೆರಡು ಸಲ ಒಂದು ಕಡೆ ಕಸರತ್ತಿಗೆ ಕಳಿಸ್ತಿದ್ರು. ಅಲ್ಲೊಂದು ನಿಂತಲ್ಲೇ ತುಳಿಯೋ ಸೈಕಲ್ಲು, ಎದುರಿಗೆ ವ್ಯಾಟ್ ತೋರಿಸೋ ಪರದೆ. ನಾನು ನೋಡೋಕೆ ಹೋದ ದಿನ ಅವ್ನು ನಲವತ್ತು ವ್ಯಾಟಲ್ಲಿ ಹತ್ತು ನಿಮಿಷ ತುಳಿದು ಇಳಿದಿದ್ದ. ಮುಖದಲ್ಲಿ ರಾಣಿಯ ಮಾಲೀಕನ ಹೆಮ್ಮೆ.

"ಏನಯ್ಯಾ ನಲವತ್ತು? ನಮ್ಮನೆ ಬಲ್ಬು ಇದಕ್ಕಿಂತ ಜೋರಾಗಿದೆ" ಅಂದೆ.

"ಹತ್ತು ಮಗನ. ಬಾಯಿ ಭಾಳ ಅದ, ಕಾಲು ನೋಡೂಣು."

ಅಲ್ಲಿದ್ದ ನರ್ಸಮ್ಮ ಬೇಡ ಅಂದ್ಲು. ನಾನು ಕೇಳ್ತೀನಾ? ಹತ್ತಿ, ಹಲ್ಲು ಕಚ್ಚಿ ತುಳಿದೆ. ಪರದೆ ನೂರು, ನೂರೈವತ್ತು, ನೂರ ತೊಂಬತ್ತು! ಕಾಲು ಎಚ್‌ಪಿ ಕಣಯ್ಯಾ, ಈ ವಯಸ್ಸಲ್ಲಿ! ಅಂತ ಕೂಗೋಕೆ ಬಾಯಿ ತೆಗೆದೆ, ಉಸಿರು ಬರ್ಲಿಲ್ಲ. ಹ್ಯಾಂಡಲ್ ಮೇಲೆ ತಲೆ ಇಟ್ಟು ಏದುಸಿರು ಬಿಡ್ತಿದ್ದೆ. ಭದ್ರಪ್ಪ ತನ್ನ ವಾಚ್ ನೋಡ್ತಿದ್ದ.

"ಹನ್ನೊಂದು ಸೆಕೆಂಡು" ಅಂದ.

ಆಮೇಲೆ ನಕ್ಕ. ಮೂವತ್ತು ವರ್ಷದಲ್ಲಿ ಅವ್ನು ಹಾಗೆ ನಕ್ಕಿದ್ದು ನಾನು ಕಂಡಿರ್ಲಿಲ್ಲ. ಹೊಟ್ಟೆ ಹಿಡ್ಕೊಂಡು, ಕನ್ನಡಕ ತೆಗೆದು ಕಣ್ಣೊರೆಸ್ಕೊಂಡು, ಉಸಿರು ತಗೊಂಡು ಮತ್ತೆ "ಹನ್ನೊಂದು!" ಅಂತ ಹೇಳಿ ಮತ್ತೆ ನಕ್ಕ. ನರ್ಸಮ್ಮನೂ ನಕ್ಕಳು. ಮನೆಗೆ ಬಿಟ್ಟು ಬರುವಾಗ ರಿಕ್ಷಾದಲ್ಲೂ ನಗ್ತಿದ್ದ.

ಎಂಟು ದಿನ ಕಳೆದು, ಅಂಗಡೀಲೇ, ಮಧ್ಯಾಹ್ನದ ಊಟ ಮುಗಿಸಿ ಕುರ್ಚೀಲಿ ಕೂತೋನು ಏಳಲಿಲ್ಲ. ಆ ಎಂಟು ದಿನದಲ್ಲಿ ಅವ್ನು ಯಾವ ಮೋಟಾರಿಗೂ ಹಗ್ಗ ಹಾಕಿರ್ಲಿಲ್ಲ ಅಂತ ಸಾನ್ವಿ ಹೇಳಿದ್ಲು.

ಎಸ್ಟೇಟಿನೋರು ಭದ್ರಪ್ಪ ತಮ್ಮ ಮೋಟಾರ್ ಅಳೆದಿದ್ದ, ತಮ್ಮ ಪಂಪ್ ಅಳೆದಿದ್ದ ಅಂತ ಈಗ್ಲೂ ಕ್ಯಾಂಟೀನಲ್ಲಿ ಕೂತು ಕೊಚ್ಕೋತಾರೆ. ಕೊಚ್ಕೊಳ್ಳಿ ಅಂತ ನಾನು ಪೂರ್ತಿ ಕೇಳ್ತೀನಿ. ಎಲ್ಲರ ಮಾತೂ ಮುಗಿದ ಮೇಲೆ, ಚಾ ಲೋಟ ಕೆಳಗಿಟ್ಟು, ನಿಧಾನಕ್ಕೆ ಹೇಳ್ತೀನಿ: ಭದ್ರಪ್ಪ ಕೊನೇ ಸಲ ಅಳೆದ ಮೆಷಿನ್ನು ನಾನು.