ತಂತಿಯಿಲ್ಲದ ಚೀಲ

ಕೋತಗಿರಿಗೂ ಕೂನೂರಿಗೂ ನಡುವೆ ಓಡುವ ಬಸ್ಸುಗಳಲ್ಲಿ ನನ್ನ ಗಂಡ ಕೊಡೆ ಮರೆತು ಇಳಿಯದ ಬಸ್ಸು ಒಂದೂ ಇರಲಿಕ್ಕಿಲ್ಲ. ಸೋದರಮಾವನ ಮಗ, ಮೂಗು ಸೋರುತ್ತಿದ್ದ ಕಾಲದಿಂದ ಬಲ್ಲೆ. ಹಾಗಾಗಿ ಮದುವೆಯಾದ ಮೇಲೂ ನಮ್ಮಿಬ್ಬರದು ಏಕವಚನವೇ. ಒಲೆಯ ಮೇಲೆ ಹಾಲಿದೆ, ನೋಡಿಕೋ ಎಂದರೆ ನಿಂತು ನೋಡುತ್ತಿದ್ದ, ಉಕ್ಕಿದರೂ ನೋಡುತ್ತಿದ್ದ, ಇಳಿಸುತ್ತಿರಲಿಲ್ಲ. ಇಂಥವನು ಗಂಧಕದ ಪುಡಿ ತುಂಬುವ ಕೆಲಸಕ್ಕೆ ಸೇರಿದಾಗ ಹಟ್ಟಿಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅದೇ ಕಾರ್ಖಾನೆಯ ಸ್ಟೋರನ್ನೂ ಪರೀಕ್ಷೆಯ ಕೋಣೆಯನ್ನೂ ನೋಡಿಕೊಳ್ಳುತ್ತಿದ್ದವಳು ನಾನು. ಅವನು ಕೈಯಾಡಿಸುತ್ತಿದ್ದ ಪುಡಿ ಎಂಥದೆಂದು ಅವನಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ಟೀ ಎಲೆಯ ಬೆಲೆ ನೆಲಕಚ್ಚಿದ್ದ ವರ್ಷಗಳವು. ನಮ್ಮ ಹಟ್ಟಿಯ ಕೆಳಗಿದ್ದ ಎಲೆ ಫ್ಯಾಕ್ಟರಿ ಮುಚ್ಚಿತು. ಖಾಲಿ ಕಟ್ಟಡವನ್ನು ಕೊಂಡವರು ಅಲ್ಲಿ ಗಂಧಕ ಅರೆಯುವ ಗಿರಣಿ ಹಾಕಿದರು. ಟೀ ಗಿಡದ ನುಸಿಗೂ ಗಂಧಕ ಬೇಕು, ಪಂದಲೂರಿನಾಚೆಯ ರಬ್ಬರ್ ತೋಟಗಳಿಗೂ ಬೇಕು. ಬಯಲಿನ ಸೆಕೆಯಲ್ಲಿ ಅರೆಯುವುದಕ್ಕಿಂತ ಬೆಟ್ಟದ ತಂಪಿನಲ್ಲಿ ಅರೆಯುವುದು ಲೇಸು ಎಂಬುದು ಅವರ ಲೆಕ್ಕ. ಹಿಂದೆ ಎಲೆ ಬಾಡಿಸುತ್ತಿದ್ದ ಮಹಡಿಯಲ್ಲಿ ಗಿರಣಿ ಕೂತಿತು. ಅಲ್ಲಿಂದ ಹಳದಿ ಪುಡಿ ಕೊಳವೆಯಲ್ಲಿ ಇಳಿದು, ಕೆಳಗೆ ಕೊಕ್ಕೆಗಳಿಗೆ ನೇತುಹಾಕಿದ ಆಳೆತ್ತರದ ಜಂಬೋ ಚೀಲಕ್ಕೆ ಬೀಳುತ್ತಿತ್ತು. ಚೀಲದ ಬಾಯನ್ನು ಕೊಳವೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಯುವುದು, ತುಂಬಿದ ಮೇಲೆ ಬಿಚ್ಚಿ ಕಟ್ಟುವುದು ನನ್ನ ಗಂಡನ ಕೆಲಸ. ಅವನ ಜೊತೆ ಸರದಿಯಲ್ಲಿ ನಮ್ಮ ಹಟ್ಟಿಯವರೇ ಇನ್ನೂ ಮೂವರಿದ್ದರು.

ಜನವರಿಯಲ್ಲಿ ನಮ್ಮಲ್ಲಿ ಮಂಜು ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾಗುತ್ತದೆ, ಗಾಳಿ ಒಣಗುತ್ತದೆ. ಸ್ವೆಟರನ್ನು ತಲೆಯಿಂದ ಎಳೆದರೆ ಚಟಚಟ ಎನ್ನುತ್ತದೆ, ಕೂದಲು ನಿಮಿರುತ್ತದೆ. ಅದೇ ವಿದ್ಯುತ್ತು ಒಣ ಪುಡಿ ಕೊಳವೆಗೆ ಉಜ್ಜಿ ಇಳಿಯುವಾಗಲೂ ಹುಟ್ಟುತ್ತದೆ, ಇಳಿದು ಚೀಲದಲ್ಲಿ ಕೂಡುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಹತ್ತಿರ ಬಂದ ಕಬ್ಬಿಣಕ್ಕೋ ಕೈಗೋ ಕಿಡಿಯಾಗಿ ಹಾರುತ್ತದೆ. ಸ್ವೆಟರಿನ ಕಿಡಿಯಿಂದ ಯಾರೂ ಸಾಯುವುದಿಲ್ಲ. ಗಂಧಕದ ಧೂಳು ಗಾಳಿಯಲ್ಲಿ ತೇಲುತ್ತಿದ್ದರೆ ಅಷ್ಟೇ ಕಿಡಿ ಸಾಕು.

ಬಯಲಿನ ಒಂದು ಗಿರಣಿಯಲ್ಲಿ ಹಾಗೆ ಆಗಿತ್ತು. ಅಲ್ಲಿ ಸುಟ್ಟುಕೊಂಡವನನ್ನು ನಮ್ಮ ಮ್ಯಾನೇಜರ್ ಜೊತೆ ಆಸ್ಪತ್ರೆಗೆ ಹೋಗಿ ನೋಡಿದ್ದೆ. ಎರಡು ಕೈಗಳಿಗೂ ಬಟ್ಟೆ ಸುತ್ತಿದ್ದರು, ಹುಬ್ಬುಗಳಿರಲಿಲ್ಲ. ಅವನು ತಮಿಳಿನಲ್ಲಿ ಹೇಳಿದ್ದು ಇಷ್ಟೇ: ಹಗಲಲ್ಲಿ ಗಂಧಕದ ಬೆಂಕಿ ಕಾಣುವುದಿಲ್ಲಮ್ಮ, ಉರಿದ ಮೇಲೆ ತಿಳಿಯುತ್ತದೆ. ಆ ಮಂಚದ ಮೇಲೆ ನಾನು ಕಂಡದ್ದು ನನ್ನ ಗಂಡನ ಕೈಗಳನ್ನೇ.

ಅದಾದ ಮೇಲೆ ಚೀಲ ಬದಲಿಸಬೇಕು ಎಂದು ಹಟ ಹಿಡಿದೆ. ಅಲ್ಲಿಯವರೆಗೆ ತರಿಸುತ್ತಿದ್ದದ್ದು ಸಾದಾ ಪ್ಲಾಸ್ಟಿಕ್ ನೇಯ್ಗೆಯ ಚೀಲ. ಮ್ಯಾನೇಜರ್ ಕೆಟ್ಟವರಲ್ಲ, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಕೊನೆಗೆ ಎರಡು ಬಗೆಯ ಮಾದರಿಗಳನ್ನು ತರಿಸಿ ನನ್ನ ಮೇಜಿನ ಮೇಲಿಟ್ಟು, "ನೀವೇ ನೋಡಿ ಹೇಳಿ, ನಿಮ್ಮ ಮಾತೇ ಮಾತು" ಎಂದರು.

ಒಂದು ಚೀಲದ ಬಟ್ಟೆಯುದ್ದಕ್ಕೂ ವಿದ್ಯುತ್ತು ಹರಿಯುವ ಕಪ್ಪು ಎಳೆಗಳಿದ್ದವು. ಒಂದು ಮೂಲೆಯಲ್ಲಿ ಬಟ್ಟೆಯದೇ ಒಂದು ಕಿವಿ. ಆ ಕಿವಿಗೆ ಅರ್ಥಿಂಗ್ ತಂತಿಯ ಕ್ಲಿಪ್ಪು ಕಚ್ಚಿಸಿದರೆ ಕೂಡಿದ ವಿದ್ಯುತ್ತೆಲ್ಲ ನೆಲಕ್ಕೆ ಇಳಿದುಹೋಗುತ್ತದೆ. ಕಚ್ಚಿಸಲು ಮರೆತರೆ ಅದು ಸಾದಾ ಚೀಲಕ್ಕಿಂತ ಅಪಾಯ, ಏಕೆಂದರೆ ಕೂಡಿದ್ದೆಲ್ಲ ಒಂದೇ ಕಿಡಿಯಲ್ಲಿ ಹಾರುತ್ತದೆ. ಇನ್ನೊಂದು ಚೀಲಕ್ಕೆ ತಂತಿಯೇ ಬೇಡ. ಅದರ ಎಳೆಗಳು ವಿದ್ಯುತ್ತನ್ನು ಸ್ವಲ್ಪ ಸ್ವಲ್ಪವಾಗಿ ಸುತ್ತಲಿನ ಗಾಳಿಗೇ ಬಿಟ್ಟುಬಿಡುತ್ತವೆ, ಕಿಡಿಯಾಗುವಷ್ಟು ಕೂಡಲು ಬಿಡುವುದಿಲ್ಲ.

ಪ್ರತಿ ಚೀಲಕ್ಕೂ ನೆನಪಿಟ್ಟು ಕ್ಲಿಪ್ಪು ಹಾಕುವವನು ಯಾರು? ಹಾಲು ಉಕ್ಕುವುದನ್ನು ನೋಡುತ್ತಾ ನಿಲ್ಲುವವನು. ನಾನು ತಂತಿಯಿಲ್ಲದ ಚೀಲವನ್ನು ಆರಿಸಿದೆ. ಮ್ಯಾನೇಜರಿಗೆ ಬೇರೆ ಕಾರಣಗಳನ್ನು ಹೇಳಿದೆ. ಮನೆಯ ಕಾರಣವನ್ನು ಹೇಳಲು ನಾಚಿಕೆಯಾಯಿತು.

ಚೀಲ ಮಾರುವವರ ಕಡೆಯವನೊಬ್ಬ ಅಳೆಯುವ ಯಂತ್ರ ಹಿಡಿದು ಬಂದ. ಸುತ್ತ ಇರುವ ಲೋಹವೆಲ್ಲ ನೆಲಕ್ಕೆ ಕೂಡಿಕೊಂಡಿರಬೇಕು ಎಂದ. ಕೊಳವೆ, ಪಟ್ಟಿ, ಕೊಕ್ಕೆ, ತಕ್ಕಡಿ, ಕೈಗಾಡಿ, ಒಂದನ್ನೂ ಬಿಡದೆ ಎಲೆಕ್ಟ್ರಿಷಿಯನ್‌ನಿಂದ ತಂತಿ ಹಾಕಿಸಿದೆ. ಇಡೀ ವಾರ ತುಂಬಿ ನೋಡಿದೆವು. ಒಂದು ಚಟ್ ಎಂಬ ಸದ್ದಿಲ್ಲ. ಹುಡುಕಿ ಹುಡುಕಿ ಮುಟ್ಟಿದರೂ ಯಾರಿಗೂ ಹೊಡೆಯಲಿಲ್ಲ. ಮೊದಲ ಸಲ ನೆಮ್ಮದಿಯಾಗಿ ಉಂಡೆ.

ನಾವು ಪರೀಕ್ಷೆ ಮಾಡಿದ ವಾರ ಹೆತ್ತೆ ಹಬ್ಬದ ವ್ರತದ ವಾರವಾಗಿತ್ತು. ಹೆತ್ತೆ ನಮ್ಮ ಬಡಗರ ಮೂಲತಾಯಿ. ಅವಳ ವ್ರತ ಹಿಡಿದ ಗಂಡಸರು ಬಿಳಿ ಹತ್ತಿಬಟ್ಟೆ ಉಡುತ್ತಾರೆ, ಕಾಲಿಗೆ ಏನೂ ಹಾಕುವುದಿಲ್ಲ, ಎಷ್ಟೇ ಚಳಿಯಿದ್ದರೂ ಬರಿಗಾಲಲ್ಲೇ ಹಟ್ಟಿಯಿಂದ ಹಟ್ಟಿಗೆ ನಡೆಯುತ್ತಾರೆ. ತುಂಬುವ ನಾಲ್ವರೂ ಆಗ ಬರಿಗಾಲಲ್ಲೇ ಕೆಲಸ ಮಾಡುತ್ತಿದ್ದರು. ಬೂಟು ಹಾಕಿ ಎಂದು ಮ್ಯಾನೇಜರ್ ಗೊಣಗಿದರು, ಹೆತ್ತೆಯ ಹೆಸರು ಕೇಳಿ ಸುಮ್ಮನಾದರು. ಯಂತ್ರ ತಂದವನು ಸಿಮೆಂಟು ನೆಲದ ಮೇಲಿನ ಆ ಪಾದಗಳನ್ನು ನೋಡಿ, ಪಾಪ, ಚಳಿಯಾಗುವುದಿಲ್ಲವೇ ಎಂದು ಕೇಳಿದ. ಯಾರೂ ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ.

ಹಬ್ಬ ಮುಗಿಯಿತು. ಚಳಿ ಇನ್ನೂ ಏರಿತು. ಎಲ್ಲರೂ ಸ್ವೆಟರ್ ಏರಿಸಿ, ರಬ್ಬರಿನ ಗಂಬೂಟು ತೊಟ್ಟು ಕೆಲಸಕ್ಕೆ ಇಳಿದರು.

ಆಮೇಲೊಂದು ದಿನ ಮಾಮಿಗೆ, ಎಂದರೆ ನನ್ನ ಅತ್ತೆಗೆ, ಜ್ವರ ಬಂದು ನಾನು ರಜೆ ಹಾಕಿದ್ದೆ. ಮಧ್ಯಾಹ್ನ ಗಂಡ ಊಟಕ್ಕೆ ಹತ್ತಿ ಬಂದ. ಬೂಟನ್ನು ಹೊರಗೆ ಬಿಟ್ಟು, ಬಾಗಿಲ ಕಬ್ಬಿಣದ ಚಿಲಕವನ್ನು ಮೊಣಕೈಯಿಂದ ತಳ್ಳಿದ. ಕೈಯಲ್ಲಿ ಏನೂ ಇರಲಿಲ್ಲ. ಒಳಗೆ ಬಂದು ನೀರಿನ ಹಂಡೆಯನ್ನೂ ಮೊದಲು ಮೊಣಕೈಯಿಂದ ತಟ್ಟಿ, ಆಮೇಲೆ ಚೊಂಬು ಅದ್ದಿದ.

ನಾವು ಮನೆಯಲ್ಲಿ ಆಡುವುದು ಬಡಗ ಮಾತು. ಇಲ್ಲಿ ಎಲ್ಲರಿಗೂ ತಿಳಿಯುವಷ್ಟು ತಿದ್ದಿ ಬರೆಯುತ್ತಿದ್ದೇನೆ.

"ಕೈಗೇನಾಯ್ತು?" ಎಂದೆ.

"ಒಂದೂ ಇಲ್ಲೆ. ಚಳಿ."

"ಚಳಿಗೆ ಮೊಣಕೈಯಲ್ಲಿ ಬಾಗಿಲು ತೆರೀತಾರಾ? ಹೊಸ ಮದುಮಗಳ ಹಾಗೆ ಆಡ್ತೀಯಲ್ಲ."

ಅವನು ನಕ್ಕ. ಉಂಡ. ಮಾಮಿಯ ಹಣೆ ಮುಟ್ಟಿ ನೋಡಿ, ಬೂಟು ತೊಟ್ಟು ಇಳಿದುಹೋದ.

ತಟ್ಟೆ ತೊಳೆಯುತ್ತಿದ್ದೆ. ಆ ಮೊಣಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಕಬ್ಬಿಣ ಕಂಡರೆ ಬೆರಳು ಹಿಂದೆಗೆಯುವುದು ಯಾರು? ಬೆರಳಿಗೆ ಹೊಡೆಸಿಕೊಂಡು ಹೊಡೆಸಿಕೊಂಡು ಸಾಕಾದವನು. ಕೆಳಗೆ ಅವನಿಗೆ ಹೊಡೆಯುತ್ತಿದೆ. ಆದರೆ ಪರೀಕ್ಷೆಯ ವಾರ ಹೊಡೆದಿರಲಿಲ್ಲವಲ್ಲ, ಚೀಲ ಅದೇ, ಕಬ್ಬಿಣ ಅದೇ. ಬದಲಾದದ್ದು ಯಾವುದು ಎಂದುಕೊಳ್ಳುವಾಗಲೇ ಹೊರಗೆ ಜಗಲಿಯ ಮೇಲೆ ಅವನ ಬೂಟಿನ ಒದ್ದೆ ಗುರುತು ಕಾಣಿಸಿತು. ಚೀಲ ಬಿಟ್ಟ ವಿದ್ಯುತ್ತು ಗಾಳಿಗೆ ಹೋಗುತ್ತದೆ ಎಂದು ನಂಬಿದ್ದೆವು. ಪಕ್ಕದಲ್ಲಿ ನಿಂತ ಮನುಷ್ಯನಿಗೂ ಹೋಗುತ್ತದೆ. ಬರಿಗಾಲಾದರೆ ಅವನಿಂದ ನೆಲಕ್ಕೆ ಇಳಿಯುತ್ತದೆ. ರಬ್ಬರು ಮೆಟ್ಟಿದ್ದರೆ ಅವನಲ್ಲೇ ಉಳಿಯುತ್ತದೆ. ಕಬ್ಬಿಣದ ಪಟ್ಟಿ ಬಿಚ್ಚಲು ಬೆರಳು ಚಾಚಿದ ಕ್ಷಣ ಅವನಿಂದಲೇ ಕಿಡಿ ಹಾರುತ್ತದೆ, ಅದೂ ಚೀಲದ ಬಾಯಿಯ ಹತ್ತಿರ, ಧೂಳು ಏಳುವ ಜಾಗದಲ್ಲೇ.

ಇಷ್ಟು ದಿನ ಹೊತ್ತಿಕೊಳ್ಳದೆ ಇದ್ದದ್ದು ಬರೀ ಅದೃಷ್ಟ.

ಕೈ ತೊಳೆಯಲಿಲ್ಲ. ಮಾಮಿ ಏನೋ ಕೇಳುತ್ತಿದ್ದಂತೆಯೇ ಹೊರಬಿದ್ದೆ. ಟೀ ಸಾಲುಗಳ ನಡುವಿನ ಕಾಲುದಾರಿಯಲ್ಲಿ ಓಡಿದೆ. ಚಪ್ಪಲಿ ಎಲ್ಲೋ ಕಳಚಿಹೋಯಿತು. ಗಿರಣಿಯ ಸದ್ದು ಕೆಳಗಿನಿಂದ ಒಂದೇ ಸಮನೆ ಬರುತ್ತಿತ್ತು. ಅದು ನಡೆಯುತ್ತಿರುವವರೆಗೆ ಚೀಲ ತುಂಬುತ್ತಿದೆ, ಅವನು ಪಟ್ಟಿಗೆ ಕೈ ಹಾಕಿಲ್ಲ ಎಂದು ಲೆಕ್ಕ ಹಾಕಿದೆ. ಆಮೇಲೆ ಸದ್ದು ನಿಂತರೆ ಏನು ಗತಿ ಎಂದು ಹೆದರಿಕೆಯಾಯಿತು. ಹೆತ್ತೆ, ಅದು ನಿಲ್ಲದಿರಲಿ ಎಂದುಕೊಂಡು ಓಡಿದೆ. ದೇವರನ್ನು ಅಷ್ಟು ಸಣ್ಣದಕ್ಕೆ ನಾನು ಎಂದೂ ಬೇಡಿಕೊಂಡವಳಲ್ಲ.

ತುಂಬುವ ಕೋಣೆಯ ಹೊರಗೋಡೆಯಲ್ಲಿ ನಿಲ್ಲಿಸುವ ಗುಂಡಿಯಿತ್ತು. ಅದನ್ನು ಒತ್ತಿಯೇಬಿಟ್ಟೆ. ಗಿರಣಿ ನಿಂತಿತು. ಒತ್ತಿದ ಮೇಲೆ ಹೊಳೆಯಿತು: ಚೀಲ ತುಂಬಿತೆಂದುಕೊಂಡು ಅವನು ಈಗ ಮಾಡುವ ಕೆಲಸ ಪಟ್ಟಿ ಬಿಚ್ಚುವುದೊಂದೇ.

ಬಾಗಿಲಲ್ಲಿ ನಿಂತು ನೋಡಿದೆ. ಹಳದಿ ಧೂಳಿನ ತೆಳು ಪರದೆ ಕಿಟಕಿಯ ಬಿಸಿಲಲ್ಲಿ ತೇಲುತ್ತಿತ್ತು. ಅವನು ನನಗೆ ಬೆನ್ನು ಹಾಕಿ, ಬಲಗೈ ಎತ್ತಿ ಪಟ್ಟಿಯತ್ತ ಚಾಚಿದ್ದ. ಕೂಗಿದರೆ ಬೆಚ್ಚಿ ಹಿಡಿದುಕೊಂಡಾನು. ಕೂಗದಿದ್ದರೆ ಹಿಡಿದೇ ಹಿಡಿಯುತ್ತಾನೆ. ಅಡುಗೆಮನೆಯಲ್ಲಿ ಕರೆಯುವ ದನಿಯಲ್ಲೇ ಹೇಳಿದೆ.

"ಕೈ ಕೆಳಗಿಳಿಸು. ಏನನ್ನೂ ಮುಟ್ಟಬೇಡ."

ಅವನ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದ. ನನ್ನ ಬರಿಗಾಲು, ಎಂಜಲು ಕೈ ನೋಡಿ ಗಾಬರಿಯಾಗಿ, "ಅಮ್ಮನಿಗೇನಾಯ್ತು?" ಎನ್ನುತ್ತಾ ನನ್ನ ಕಡೆಗೆ ಹೆಜ್ಜೆ ಹಾಕಿದ. ನಡುವೆ ಕಬ್ಬಿಣದ ಕೈಗಾಡಿ ಇತ್ತು. ದಾರಿ ಮಾಡಿಕೊಳ್ಳಲು ಅದರ ಹಿಡಿಯ ಕಡೆ ಕೈ ನೀಡಿದ.

"ಅಮ್ಮ ಚೆನ್ನಾಗಿದ್ದಾರೆ. ಗಾಡಿ ಮುಟ್ಟಬೇಡ. ನಿಂತಲ್ಲೇ ಬೂಟು ಕಳಚು. ಕೈ ಹಚ್ಚಬೇಡ, ಕಾಲಲ್ಲೇ ಒತ್ತಿ ಕಳಚು."

ಏಕೆ ಎಂದು ಅವನು ಕೇಳಲಿಲ್ಲ. ಒಂದು ಕಾಲಿನಿಂದ ಇನ್ನೊಂದರ ಹಿಮ್ಮಡಿ ಒತ್ತಿ ಬೂಟು ಕಳಚಿದ. ಕಾಲುಚೀಲದಲ್ಲಿ ದೊಡ್ಡ ತೂತಿತ್ತು, ಅದರಿಂದ ಹಿಮ್ಮಡಿ ನೆಲಕ್ಕೆ ಊರಿತು. ಬರಿಯ ಚರ್ಮ ಸಿಮೆಂಟಿಗೆ ತಾಗಿದ್ದನ್ನು ಕಂಡ ಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಹೊಲಿದುಕೊಡು ಎಂದು ಅವನು ಬಹಳ ದಿನದಿಂದ ಕೇಳುತ್ತಿದ್ದ ಕಾಲುಚೀಲ ಅದು. ಅದನ್ನು ನೋಡಿ ಅಳು ಬಂತು.

ಗಿರಣಿ ಏಕೆ ನಿಂತಿತೆಂದು ಮಹಡಿಯವನು ಇಣುಕಿದ. ನನಗೆ ಮೈ ಸರಿಯಿಲ್ಲ ಎಂದು ಗಂಡ ಅವನಿಗೆ ಹೇಳಿದ. ಆ ದಿನ ಇನ್ನು ತುಂಬಕೂಡದು ಎಂದು ನಾನು ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡೆ. ಮ್ಯಾನೇಜರ್ ಕೂನೂರಿಗೆ ಹೋಗಿದ್ದರು.

ಸಂಜೆ ಕಾಫಿ ಕೊಟ್ಟು ಕೇಳಿದೆ, "ಯಾವಾಗಿನಿಂದ ಹೊಡೀತಿದೆ?"

"ಹಬ್ಬ ಆದ ಮೇಲಿಂದ."

"ನಿನಗೊಬ್ಬನಿಗಾ?"

"ಎಲ್ಲರಿಗೂ. ಪಟ್ಟಿ ಮುಟ್ಟಿದರೆ ಚೇಳು ಕಚ್ಚಿದ ಹಾಗೆ."

"ಮನೇಲೇ ಇದೀನಲ್ಲ. ಒಂದು ಮಾತು ಹೇಳೋಕೆ ಏನಾಗಿತ್ತು? ಇದನ್ನೂ ಮರೆತೆಯಾ?"

ಅವನು ಲೋಟವನ್ನು ಕೈಯಲ್ಲಿ ತಿರುಗಿಸಿದ. ಒಳಗಿನಿಂದ ಮಾಮಿ ಕೆಮ್ಮಿದರು.

"ಮರೆತಿಲ್ಲ," ಎಂದ. "ಮೊದಲ ದಿನವೇ ಉಳಿದ ಮೂವರು ಮ್ಯಾನೇಜರಿಗೆ ಹೇಳ್ತೀವಿ ಅಂದರು. ನಾನೇ ಬೇಡ ಅಂದೆ. ಅಷ್ಟು ಹೋರಾಡಿ ನೀ ಆರಿಸಿದ ಚೀಲ. ಅಲ್ಲಿ ನಿನ್ನ ಮಾತು ನಡೆದದ್ದು ಅದೊಂದೇ ಸಲ. ನಾವೇ ಹೋಗಿ ಅದು ಸರಿಯಿಲ್ಲ ಅಂದರೆ ನಿನ್ನ ಮಾತನ್ನು ಇನ್ನು ಯಾರು ಕೇಳ್ತಾರೆ?"

ನನಗೆ ಸಿಟ್ಟು ಬಂದದ್ದು ಆಗ. ಬಾಯಿಗೆ ಬಂದ ಹಾಗೆ ಬೈದೆ. ನನ್ನ ಮಾತು ಉಳಿಸಲು ನಾಲ್ಕು ಮನೆಯ ಗಂಡಸರು ಬೆಂಕಿಯ ಪಕ್ಕ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನಾನು ನೆಮ್ಮದಿಯಾಗಿ ಉಣ್ಣುತ್ತಿದ್ದೆ. ಅವನ ಮರೆವಿಗೆ ಹೆದರಿ ಚೀಲ ಆರಿಸಿದ್ದೆ. ಹೆದರಬೇಕಾದದ್ದು ಅವನ ಮರೆವಿಗಲ್ಲ ಎಂದು ಆ ಸಂಜೆಯವರೆಗೆ ನನಗೆ ಗೊತ್ತಿರಲಿಲ್ಲ.

ಮರುದಿನ ಮ್ಯಾನೇಜರ್ ಬರುವವರೆಗೆ ಕೀಲಿ ಕೊಡಲಿಲ್ಲ. ನಾಲ್ವರೂ ಅಂಗಳದಲ್ಲಿ ನಿಂತಿದ್ದರು. ಅವರಿಗೆಲ್ಲ ಕೇಳುವ ಹಾಗೆ, ನಾನು ಆರಿಸಿದ ಚೀಲ ರಬ್ಬರ್ ಬೂಟಿನವರಿಗೆ ಆಗಿಬರುವುದಿಲ್ಲ, ತಂತಿಯ ಚೀಲ ತರಿಸಿ, ಕ್ಲಿಪ್ಪು ಕಚ್ಚದಿದ್ದರೆ ಗಿರಣಿ ಸುತ್ತದ ಹಾಗೆ ಸ್ವಿಚ್ಚು ಹಾಕಿಸಿ, ಬೂಟನ್ನೂ ಬದಲಿಸಿ ಎಂದೆ. ಮ್ಯಾನೇಜರ್ ಹುಬ್ಬು ಗಂಟಿಕ್ಕಿ, ಹಾಗಾದರೆ ನಿಮ್ಮ ಆಯ್ಕೆ ತಪ್ಪಾಯಿತು ಅನ್ನಿ ಎಂದರು. ಹೌದು ಎಂದೆ. ನನ್ನ ಗಂಡ ತಲೆ ತಗ್ಗಿಸಿದ್ದ, ಹೊಡೆತ ತಿಂದವನ ಹಾಗೆ.

ಆಮೇಲೂ ಹಲವು ವರ್ಷ ಅಲ್ಲಿ ಕೆಲಸ ಮಾಡಿದೆವು. ದಿನವೂ ಸಂಜೆ, ಇವತ್ತು ಏನಾದರೂ ಆಯಿತಾ ಎಂದು ಅವನನ್ನು ಕೇಳುತ್ತಿದ್ದೆ. ಇಲ್ಲ ಎನ್ನುತ್ತಿದ್ದ. ಸರಿ ಎಂದು ಅನ್ನ ಬಡಿಸಿ, ಬೆಳಿಗ್ಗೆ ಕೆಲಸಕ್ಕೆ ಇಳಿದ ಮೇಲೆ ಉಳಿದ ಮೂವರನ್ನೂ ಒಬ್ಬೊಬ್ಬರಾಗಿ ಕರೆದು ಅದನ್ನೇ ಕೇಳುತ್ತಿದ್ದೆ.